ಮೆಲಿನ್ ಟ್ರೈಲರ್ ಹತ್ತಲಿಲ್ಲ

ನೆರಿಸ್‌ಳ ಮಾವ ಎಮ್ರಿಸ್ ಅವರ ಹಳೆಯ ಜೀಪಿನ ತಳವೆಲ್ಲ ತುಕ್ಕು ಹಿಡಿದು, ಆ ವರ್ಷದ ತಪಾಸಣೆಯಲ್ಲಿ ಅದು ರಸ್ತೆಗೆ ಯೋಗ್ಯವಲ್ಲ ಎಂದಾಯಿತು. ಮಗಳು ಲೌರಿಯ ಕುದುರೆ ಮೆಲಿನ್‌ಳನ್ನು ಟ್ರೈಲರಿನಲ್ಲಿ ಕುದುರೆ, ಕುರಿಗಳ ಪ್ರದರ್ಶನಗಳಿಗೆ ಎಳೆದೊಯ್ಯಲು ಬೇರೆ ಗಾಡಿ ಬೇಕಿತ್ತು. ಗಂಡ ಸಮುದ್ರದ ನಡುವಿನ ಗಾಳಿಯಂತ್ರಗಳ ಕೆಲಸಕ್ಕೆ ಹೋಗಿದ್ದರಿಂದ ಹುಡುಕುವ ಕೆಲಸ ನೆರಿಸ್‌ಳ ಪಾಲಿಗೆ ಬಂತು.

“ಎಷ್ಟು ಎಳೆಯತ್ತೆ ಅಂತ ಜಾಹೀರಾತಲ್ಲಿ ಬರೆದಿರ್ತಾರೆ, ಅದಕ್ಕೆ ಮರುಳಾಗಬೇಡಮ್ಮ,” ಎಂದಿದ್ದರು ಮಾವ, ಕುರಿಗಳ ಮುಂದೆ ಒಣಹುಲ್ಲು ಹರಡುತ್ತಾ. “ನಾಲ್ಕೂ ಚಕ್ರ ತಿರುಗಿದ್ರೆ ಕೆಸರಿಂದ ಆಚೆ ಬರ್ತೀಯ, ಅಷ್ಟೆ. ನಮ್ಮ ಇಳಿಜಾರಲ್ಲಿ ಹಿಂದಿನ ಟ್ರೈಲರ್ ನೂಕೋಕೆ ಶುರು ಮಾಡಿದ್ರೆ ತಡ್ಕೊಳ್ಳೋಕೆ ಮುಂದಿನ ಗಾಡಿ ಅದಕ್ಕಿಂತ ಭಾರ ಇರಬೇಕು. ಮೊದಲು ಖಾಲಿ ಗಾಡಿ ತೂಕ ಕೇಳು. ಬಣ್ಣ ಆಮೇಲೆ.”

ನೆರಿಸ್ ನೋಡಿದ್ದು ಬಣ್ಣವನ್ನೇ. ಹಿಂದಿನ ಬೇಸಿಗೆಯಲ್ಲಿ ಪ್ರದರ್ಶನದ ಹೊಲದಲ್ಲಿ ಇನ್ನೊಬ್ಬ ಹುಡುಗಿಯ ತಾಯಿ ಡೆಲಿತ್ ಎಲ್ಲರ ಮುಂದೆ, “ಅಯ್ಯೋ ನೆರಿಸ್, ನೀನು ಬರೋಕೆ ಮುಂಚೆ ನಿನ್ನ ಜೀಪಿನ ವಾಸನೆ ಬರತ್ತಲ್ಲೇ!” ಎಂದು ನಕ್ಕಿದ್ದಳು. ಜೊತೆಗಿದ್ದ ತಾಯಂದಿರೂ ನಕ್ಕಿದ್ದರು. ನೆರಿಸ್ ಕೂಡ ನಕ್ಕಿದ್ದಳು. ಆ ಮಾತನ್ನು ಮಾತ್ರ ಮರೆತಿರಲಿಲ್ಲ.

ಗಾಡಿ ಮಾರುವ ಅಂಗಡಿಯಲ್ಲಿ ಅವಳ ಕಣ್ಣಿಗೆ ಬಿದ್ದ ಬಿಳಿ ಗಾಡಿಯ ಆಸನಗಳು ಗುಂಡಿ ಒತ್ತಿದರೆ ಬೆಚ್ಚಗಾಗುತ್ತಿದ್ದವು. ಅವಳು ಖಾಲಿ ತೂಕ ಕೇಳಿದ್ದು ನಿಜ. ಮಾರುವವನು ಹೇಳಿದ ಮೇಲೆ ಮನಸ್ಸಿನಲ್ಲೇ ಟ್ರೈಲರನ್ನೂ ಮೆಲಿನ್‌ಳನ್ನೂ ಕೂಡಿಸಿ ನೋಡಿದಳು. ಗಾಡಿಗಿಂತ ಹಿಂದಿನ ಭಾರವೇ ಹೆಚ್ಚಾಯಿತು. ಸ್ವಲ್ಪವೇ ತಾನೆ, ನಿಧಾನ ಓಡಿಸಿದರಾಯಿತು ಅಂದುಕೊಂಡಳು.

“ತೂಕ ನೋಡಿದೆಯಾ?” ಎಂದರು ಮಾವ, ಅಂಗಳಕ್ಕೆ ಬಂದ ಬಿಳಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ.

“ನೋಡಿದೆ ಮಾವ. ಸರಿ ಇದೆ.”

ಅವರು ಮತ್ತೆ ಕೇಳಲಿಲ್ಲ. ಸೊಸೆಯ ಮಾತನ್ನು ಎರಡನೇ ಸಲ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಮಾವ ಪಕ್ಕದ ಮನೆಯವರ ಜೊತೆ ಕುರಿಗಳನ್ನು ತೆಗೆದುಕೊಂಡು ಮೊದಲೇ ಹೊರಟರು. ಲೌರಿಯೊಡನೆ ನೆರಿಸ್ ಹೊರಟಾಗ, ಚರ್ಚಿನ ಕೆಳಗಿನ ಇಳಿಜಾರಿನಲ್ಲಿ ಟ್ರೈಲರ್ ಮೊದಲು ಎಡಕ್ಕೆ ತೂಗಿತು, ಆಮೇಲೆ ಬಲಕ್ಕೆ. ನೆರಿಸ್ ಬ್ರೇಕ್ ಒತ್ತಿದಳು. ಬಿಳಿ ಗಾಡಿಯ ಹಿಂಭಾಗವನ್ನು ಯಾರೋ ಕೈಯಲ್ಲಿ ಹಿಡಿದು ಅಲುಗಾಡಿಸಿದಂತಾಯಿತು. ಹಿಂದೆ ಮೆಲಿನ್‌ಳ ಗೊರಸುಗಳು ಹಲಗೆಗೆ ಬಡಿಯುವ ಸದ್ದು, ನಂತರ ಒಂದು ಕೆನೆತ. ಸೇತುವೆಯ ಹತ್ತಿರ ರಸ್ತೆ ಸಮವಾದಾಗ ಗಾಡಿ ತಾನಾಗಿ ಹದಕ್ಕೆ ಬಂತು.

ಲೌರಿಯ ಮುಖ ಬಿಳುಚಿತ್ತು. “ಅಮ್ಮ, ಏನಾಯ್ತು?”

“ಗಾಳಿ, ಪುಟ್ಟಿ. ಗಾಳಿ ಬೀಸ್ತು.”

ಬೇಲಿಯ ಮೇಲಿನ ಒಂದು ಎಲೆಯೂ ಅಲುಗಿರಲಿಲ್ಲ.

ಮೆಲಿನ್‌ಳ ಮೈಮೇಲೆ ಗಾಯವೇನೂ ಇರಲಿಲ್ಲ. ಆದರೆ ಅಂದು ಅವಳು ಓಡಿದ್ದು ಮನಸ್ಸಿಲ್ಲದೆ. ಸಂಜೆ ಮನೆಗೆ ಹೊರಡುವಾಗ ಟ್ರೈಲರಿನ ಇಳಿಹಲಗೆಯ ಬುಡದಲ್ಲಿ ನಿಂತುಬಿಟ್ಟಳು. ಮರಿಯಾಗಿದ್ದಾಗಿನಿಂದ ಹಗ್ಗವನ್ನೂ ಬಿಗಿಯದೆ ತಾನೇ ಹತ್ತುತ್ತಿದ್ದ ಕುದುರೆ ಈಗ ಮೂಗಿನ ಹೊಳ್ಳೆ ಅಗಲಿಸಿ ನಡುಗುತ್ತಿತ್ತು.

ಕುದುರೆ ಹತ್ತುತ್ತಿಲ್ಲ ಎಂದರೆ ಸಾಕು, ಅಲ್ಲಿ ಯಾರೂ ಕರೆಯದೆಯೇ ಜನ ಸೇರುತ್ತಾರೆ. ಒಬ್ಬ ದಾಣಿಯ ಬಕೆಟ್ ತಂದ. ಇನ್ನೊಬ್ಬ ಕುದುರೆಯ ಹಿಂದಿನಿಂದ ಸುತ್ತಿ ಒಳಗೆಳೆಯಲು ಉದ್ದ ಹಗ್ಗ ತಂದ. ಡೆಲಿತ್ ಕಸಬರಿಗೆಯನ್ನೇ ಹಿಡಿದು ಬಂದಳು.

“ಮುದ್ದು ಮಾಡಿ ಕೆಡಿಸಿದೀರ ಇದನ್ನ. ಲೌರಿ, ನಿನ್ನ ಕೈ ಸಡಿಲ ಆಯ್ತು ಮಗಾ. ನೀನು ಹೆದರಿದ್ರೆ ಅದೂ ಹೆದರತ್ತೆ.”

“ಹಗ್ಗ ಎಳೆಯೋಕೂ ಬರಲ್ವಾ ಹುಡುಗಿಗೆ?” ಎಂದ ಬಕೆಟ್ಟಿನವನು.

ಲೌರಿ ತೋಳಿನಲ್ಲಿ ಮೂಗು ಒರೆಸಿಕೊಂಡಳು. “ಹೌದು, ನಂದೇ ತಪ್ಪು. ಬೆಳಿಗ್ಗೆ ಇಳಿಸುವಾಗ ನಾನೇ ಅವಸರ ಮಾಡಿದೆ. ಅಲ್ವಾ ಅಮ್ಮ?”

ನೆರಿಸ್ ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಅವಳು ಬಗ್ಗಿ ಬೂಟಿನ ಮೇಲಿದ್ದ ಕೆಸರನ್ನು ಒರೆಸತೊಡಗಿದಳು.

ಅಷ್ಟರಲ್ಲಿ ಮಾವ ಬಂದರು. ಯಾರನ್ನೂ ಮಾತಾಡಿಸದೆ ಟ್ರೈಲರಿನೊಳಗೆ ಹೋಗಿ ಪಕ್ಕದ ಹಲಗೆಯ ಮೇಲಿದ್ದ ಹೊಸ ಒದೆತದ ಗುರುತುಗಳ ಮೇಲೆ ಅಂಗೈ ಆಡಿಸಿದರು. ಹೊರಗೆ ಬಂದು ಬಿಳಿ ಗಾಡಿಯನ್ನು ನೋಡಿದರು, ಆಮೇಲೆ ಸೊಸೆಯನ್ನು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಮತ್ತೊಂದು ಸುಳ್ಳಾದರೂ ಹೇಳಬಹುದಿತ್ತು.

ಡೆಲಿತ್ ಕಸಬರಿಗೆ ಎತ್ತಿದಳು. ಮೆಲಿನ್ ಹಿಂಜಗ್ಗಿದಳು, ಲೌರಿ ಮೊಣಕಾಲೂರಿ ಬಿದ್ದಳು. ಹಗ್ಗವನ್ನು ಮಾತ್ರ ಬಿಡಲಿಲ್ಲ.

“ಹೊಡೀಬೇಡ!” ನೆರಿಸ್ ಕಸಬರಿಗೆಯನ್ನು ಕಿತ್ತುಕೊಂಡಳು. “ಮಗುದೂ ತಪ್ಪಿಲ್ಲ, ಕುದುರೆದೂ ತಪ್ಪಿಲ್ಲ. ಇಳಿಜಾರಲ್ಲಿ ಟ್ರೈಲರ್ ನಮ್ಮನ್ನೇ ನೂಕ್ತು. ಗಾಡಿ ಹಗುರ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ. ಮಾವ, ನಿಮಗೆ ಸುಳ್ಳು ಹೇಳಿದೆ.”

ಬಕೆಟ್ ತಂದವನು ಬಕೆಟ್ಟಿನೊಳಗೆ ನೋಡಿದ.

“ಅಷ್ಟು ಚೆನ್ನಾಗಿರೋ ಗಾಡಿ...” ಡೆಲಿತ್ ಮೆಲ್ಲಗೆ ಅಂದಳು. ಬಳಿಕ, “ನನ್ನ ಗಾಡಿ ಭಾರ ಇದೆ ಕಣೇ. ಟ್ರೈಲರ್ ಅದಕ್ಕೆ ಕಟ್ಟು,” ಎಂದಳು. ಆ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ನೆರಿಸ್‌ಗೆ ಅದರಿಂದಲೇ ಹೆಚ್ಚು ನೋವಾಯಿತು.

“ಕುದುರೆಗೇನು ಗೊತ್ತಾಗತ್ತೆ ಯಾವ ಗಾಡಿ ಎಳೀತಿದೆ ಅಂತ?” ಎಂದರು ಮಾವ. “ಇವತ್ತು ಹತ್ತಲ್ಲ ಅದು. ನಡೆಸ್ಕೊಂಡು ಹೋಗಿ. ಖಾಲಿ ಟ್ರೈಲರ್ ನಾನು ತರ್ತೀನಿ.”

ದಾರಿಯಲ್ಲಿ ನೆರಿಸ್ ಹಗ್ಗಕ್ಕೆ ಕೈ ಚಾಚಿದಳು. “ಕೊಡು ಪುಟ್ಟಿ, ನಿಂಗೆ ಸುಸ್ತಾಗಿದೆ.”

“ಬೇಡ,” ಎಂದಳು ಲೌರಿ. ಸ್ವಲ್ಪ ದೂರ ಹೋದ ಮೇಲೆ, ತಿರುಗಿ ನೋಡದೆ, “ಗಾಳಿ ಅಂದೆ ನೀನು,” ಎಂದಳು.

“ಅಂದೆ.”

ಚರ್ಚಿನ ಕೆಳಗಿನ ಏರನ್ನು ಕುದುರೆಯೂ ಸೇರಿ ಮೂವರೂ ಹತ್ತಿದರು. ನೆರಿಸ್ ಎಲ್ಲರಿಗಿಂತ ಹಿಂದೆ.

ಮರುದಿನದಿಂದ ಟ್ರೈಲರನ್ನು ಹೊಲದಲ್ಲಿ ನಿಲ್ಲಿಸಿ, ಇಳಿಹಲಗೆ ತೆರೆದಿಟ್ಟು, ನೆರಿಸ್ ಬೆಳಗಿನ ದಾಣಿಯನ್ನು ಅಲ್ಲೇ ಇಡತೊಡಗಿದಳು. ಮೆಲಿನ್ ಮುಂಗಾಲುಗಳನ್ನಷ್ಟೇ ಹಲಗೆಯ ಮೇಲಿಟ್ಟು, ಕತ್ತು ಚಾಚಿ ತಿಂದು, ಹಿಂದೆ ಸರಿಯುತ್ತಿದ್ದಳು. ನೆರಿಸ್ ಎಳೆಯಲಿಲ್ಲ, ಕರೆಯಲೂ ಇಲ್ಲ. ಬಕೆಟ್ಟನ್ನು ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದಳು.

ಬಿಳಿ ಗಾಡಿಯನ್ನು ಹಿಂದಕ್ಕೆ ಕೊಡಲು ಹೋದ ದಿನ ಲೌರಿಯೂ ಜೊತೆಗೆ ಬಂದಳು. ಅಂಗಡಿಯ ಮೂಲೆಯಲ್ಲಿ ನಾಯಿಯ ವಾಸನೆ ಹೊಡೆಯುವ, ಬಾಗಿಲು ನೆಗ್ಗಿದ, ಕಡುಹಸಿರು ಬಣ್ಣದ ದೊಡ್ಡ ಗಾಡಿಯೊಂದು ನಿಂತಿತ್ತು. ಲೌರಿ ಆಸನಗಳನ್ನು ಮುಟ್ಟಿಯೂ ನೋಡಲಿಲ್ಲ. ಒಳಗಿದ್ದ ಕೈಪಿಡಿ ತೆಗೆದು, ಹಾಳೆ ತಿರುವಿ, ಖಾಲಿ ಗಾಡಿಯ ತೂಕವನ್ನು ಗಟ್ಟಿಯಾಗಿ ಓದಿದಳು. ಆಮೇಲೆ ತಾಯಿಯ ಮುಖ ನೋಡಿ, ಬೆರಳಿಟ್ಟು ಇನ್ನೊಮ್ಮೆ ಓದಿದಳು.

“ಕೇಳಿಸ್ತಾ ಅಮ್ಮ?”

ಮಾರುವವನು ಇಬ್ಬರನ್ನೂ ನೋಡಿ ನಕ್ಕ. ನೆರಿಸ್‌ಳ ಕಿವಿ ಬಿಸಿಯಾಯಿತು.

“ಕೇಳಿಸ್ತು,” ಎಂದಳು.