ಟಾರ್ಪಾಲಿನ ಹಾಯಿ

ಅಣ್ಣ ದೋಣಿಯ ಹಾಯಿಯನ್ನು ಸುತ್ತಿ ತನ್ನ ಮನೆಗೆ ಒಯ್ದು ಅಟ್ಟಕ್ಕೆ ಹಾಕಿ ಬೀಗ ಜಡಿದದ್ದು ಅಕ್ಕ ತಂಗಿಗೆ ಗೊತ್ತಾದದ್ದು ಅತ್ತಿಗೆಯ ಬಾಯಿಂದ. ಅತ್ತಿಗೆ ಫೋನಿನಲ್ಲಿ ಬೇರೇನೋ ಮಾತಾಡುತ್ತಾ, ಅಟ್ಟದಲ್ಲಿ ಈಗ ಕಾಲಿಡಲೂ ಜಾಗವಿಲ್ಲ, ನಿಮ್ಮಪ್ಪನ ಹಾಯಿ ಬಂದು ಅಡ್ಡಡ್ಡ ಮಲಗಿದೆ ಅಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಡಿಯಾಗಿತ್ತು.

ದೋಣಿ ಅಪ್ಪನದು. ಒಂದೇ ಕಂಬ, ಒಂದೇ ಹಾಯಿ, ಮೂವರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಪುಟ್ಟದು. ಇದು ಮೂವರಿಗೂ ಸೇರಿದ್ದು ಎಂದು ಅಪ್ಪ ಬಾಯಿಬಿಟ್ಟು ಹೇಳಿಯೇ ಕಣ್ಣು ಮುಚ್ಚಿದ್ದ. ಟೈಲ್ಸ್ ಅಂಗಡಿ ನಡೆಸುವ ಅಣ್ಣನಿಗೆ ನೀರೆಂದರೆ ಮೊದಲಿಂದಲೂ ಆಗದು. ದೋಣಿ ಮಾರಲು ಗಿರಾಕಿಯೊಬ್ಬನನ್ನು ಹುಡುಕಿದ್ದ. ತಂಗಿಯರಿಬ್ಬರೂ ಸುತರಾಂ ಒಪ್ಪಲಿಲ್ಲ. ಹಾಯಿ ಇಲ್ಲದ ದೋಣಿಯನ್ನು ಎಷ್ಟು ದಿನ ನೋಡುತ್ತಾ ಕೂತಾರು, ತಾವಾಗಿಯೇ ದಾರಿಗೆ ಬರುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಇಬ್ಬರೂ ಅಂಗಡಿಗೇ ಹೋಗಿ ಕೇಳಿದರು. ಅಣ್ಣ ಗಿರಾಕಿಯೊಬ್ಬರಿಗೆ ಬಚ್ಚಲಿನ ಟೈಲ್ಸ್ ತೋರಿಸುತ್ತಲೇ, ಹಾಯಿ ತನ್ನ ಹತ್ತಿರ ಭದ್ರವಾಗಿದೆ, ಬೇಕಿದ್ದರೆ ನೀವು ಹೊಸದು ತಂದುಕೊಳ್ಳಿ ಅಂದ. ಹೊಸ ಹಾಯಿಯ ಬೆಲೆಗೆ ಅಂಥದ್ದೇ ಇನ್ನೊಂದು ಹಳೇ ದೋಣಿ ಬರುತ್ತದೆ ಎಂದು ಅವನಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಮೂಗಿಗಿಂತ ಮೂಗುತಿ ಭಾರ.

ಅಕ್ಕ ಸಿಟಿ ಬಸ್ಸಿನ ಡ್ರೈವರು. ಒಮ್ಮೆ ಸ್ಟೇರಿಂಗ್ ತಿರುಗಿಸಿದಳೆಂದರೆ ಹಿಂದೆ ಹಾರ್ನ್ ಹೊಡೆಯುವವರಿಗೆ ಸೊಪ್ಪು ಹಾಕುವವಳಲ್ಲ. ಅಂಗಡಿಯ ಮೆಟ್ಟಿಲು ಇಳಿಯುವಾಗಲೇ, ನಾವೇ ಹೊಲಿಯೋಣ ಅಂದಳು. ತಂಗಿಗೆ ಆಸ್ಪತ್ರೆಯಲ್ಲಿ ಬಟ್ಟೆಬರೆಯ ಕೋಣೆಯ ಕೆಲಸ. ಹರಿದ ಚಾದರಕ್ಕೆ ತೇಪೆ ಹಾಕುವುದು, ದಿಂಬಿನ ಚೀಲ ಹೊಲಿಯುವುದು. ಚಾದರವೇ ಬೇರೆ ಹಾಯಿಯೇ ಬೇರೆ ಎಂದು ಅವಳು ರಾಗ ಎಳೆದಳು. ಅಕ್ಕ ಕೇಳಿಸಿಕೊಳ್ಳಲಿಲ್ಲ.

ಮೊದಲನೇ ಹಾಯಿ ಫ್ಲೆಕ್ಸಿನದು. ಡಿಪೋದ ಗೋಡೆಯಿಂದ ಇಳಿಸಿ ಮೂಲೆಗೆ ಬಿಸಾಡಿದ್ದ ಹಾಸಿಗೆ ಕಂಪನಿಯ ಜಾಹೀರಾತನ್ನು ಅಕ್ಕ ಕೇಳಿ ತಂದಿದ್ದಳು. ಕಣ್ಣು ಮುಚ್ಚಿ ಮುಗುಳ್ನಗುತ್ತಾ ಮಲಗಿದ್ದ ಗಂಡಸೊಬ್ಬನ ದೊಡ್ಡ ಮುಖ. ಅದನ್ನು ಮುಕ್ಕೋನವಾಗಿ, ಮೂರೂ ಕಡೆ ನೆಟ್ಟಗೆ ಕತ್ತರಿಸಿ, ಅಂಚು ಮಡಿಸಿ ಹೊಲಿದರು. ದೋಣಿ ನಿಂತಿದ್ದ ಸರೋವರದ ದಡದಲ್ಲಿ ಅದನ್ನು ಕಂಬಕ್ಕೇರಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಅಷ್ಟು ಭಾರ. ಏರಿದ ಮೇಲೆ ನೋಡಿದರೆ ಆ ಗಂಡಸು ತಲೆಕೆಳಗಾಗಿ ನಗುತ್ತಿದ್ದ. ಕಟ್ಟೆಯ ಮೇಲೆ ಕೂತವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಡು ನೀರಿಗೆ ಹೋಗುವ ಮುಂಚೆಯೇ ಗಾಳಿ ಒಂದು ಸಲ ಬೀಸಿತು. ಮಡಿಕೆ ಬಿದ್ದಿದ್ದ ಕಡೆ ಫ್ಲೆಕ್ಸು ಅವನ ಕಿವಿಯಿಂದ ಗದ್ದದವರೆಗೆ ಪರ್ರೆಂದು ಸೀಳಿತು. ಹುಟ್ಟು ಹಾಕಿಕೊಂಡು ವಾಪಸು ಬಂದರು.

ಸುದ್ದಿ ಅಣ್ಣನಿಗೆ ಮುಟ್ಟದೆ ಇರುತ್ತದೆಯೇ? ಸಂಜೆ ತಂಗಿಗೆ ಫೋನು ಮಾಡಿದ. ಹಾಸಿಗೆ ವ್ಯಾಪಾರ ಹೇಗೆ ನಡೀತಿದೆ ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕ. ಮುಂದಿನ ಭಾನುವಾರ ಬೆಳಿಗ್ಗೆ ಗಿರಾಕಿ ಬರುತ್ತಾನೆ, ಅಷ್ಟರೊಳಗೆ ದೋಣಿ ತೊಳೆದಿಡಿ, ಅಷ್ಟಾದರೂ ಉಪಕಾರ ಮಾಡಿ ಅಂದ.

ಅಲ್ಲಿಯವರೆಗೆ ತಂಗಿಗೆ ಈ ಹಾಯಿಯ ಉಸಾಬರಿ ಅಕ್ಕನ ಹಟವೇ ಹೊರತು ತನ್ನದಲ್ಲ. ಆದರೆ ಆ ನಗು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಚಿಕ್ಕವಳಿದ್ದಾಗ ಅವಳು ಏನು ಮಾಡಿದರೂ ಅಣ್ಣ ಹೀಗೇ ನಗುತ್ತಿದ್ದ. ತೊಳೆದಿಡ್ತೀವಿ ಅಣ್ಣ ಎಂದಷ್ಟೇ ಹೇಳಿ ಫೋನಿಟ್ಟು, ಹೊಲಿಗೆ ಪೆಟ್ಟಿಗೆಯಿಂದ ಅಳತೆ ಟೇಪು ತೆಗೆದಳು.

ಈ ಸಲ ತೆಳ್ಳನೆಯ ನೀಲಿ ಟಾರ್ಪಾಲು ತಂದರು. ಬಣ್ಣ ಬಳಿಯುವವರು ನೆಲಕ್ಕೆ ಹಾಸುತ್ತಾರಲ್ಲ, ಅಂಥದ್ದು. ತಂಗಿಯ ಮನೆಯ ಹಾಲಿನಲ್ಲಿದ್ದ ಸೋಫಾ, ಮೇಜು, ಟಿವಿ ಎಲ್ಲ ಹೊರಗಿನ ಕಾರಿಡಾರಿಗೆ ಹೋದವು. ಆದರೂ ಹಾಯಿಯ ಒಂದು ಮೂಲೆ ಬಚ್ಚಲಿನ ಹೊಸ್ತಿಲು ದಾಟಿತು. ಪಕ್ಕದ ಮನೆಯ ನಿವೃತ್ತ ಮೇಷ್ಟರು ಕಾರಿಡಾರಿನ ಸೋಫಾದ ಮೇಲೆ ಕೂತು ಪೇಪರು ಓದತೊಡಗಿದರು. ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ.

ಮೊದಲ ಹಾಯಿ ಸೋತದ್ದು ಭಾರಕ್ಕೆ ಮಾತ್ರವಲ್ಲ ಎಂದು ತಂಗಿಗೆ ಅನಿಸಿತ್ತು. ನೆಟ್ಟಗೆ ಕತ್ತರಿಸಿದ ಬಟ್ಟೆ ಹಲಗೆಯ ಹಾಗೆ ನಿಲ್ಲುತ್ತದೆ, ಗಾಳಿ ಅದರಲ್ಲಿ ತಂಗುವುದಿಲ್ಲ. ಹಾಯಿಗೆ ಹೊಟ್ಟೆ ಬೇಕು. ಅಂಗಿಗೆ ತೋಳು ಕೂರಿಸುವಾಗ ಹೆಗಲಿನ ಕಡೆ ಬಾಗಿಸಿ ಕತ್ತರಿಸುತ್ತಾರೆ. ಹಾಗೆಯೇ ಇದನ್ನೂ ಯಾಕೆ ಮಾಡಬಾರದು? ಕಂಬಕ್ಕೆ ತಾಗುವ ಅಂಚಿನಲ್ಲಿ ಒಂದು ಅಂಗೈಯಗಲ ಬಟ್ಟೆ ಹೊರಗೆ ಉಬ್ಬುವಂತೆ ಗೆರೆ ಎಳೆದರೆ, ನೆಟ್ಟಗಿನ ಕಂಬಕ್ಕೆ ಕಟ್ಟಿದಾಗ ಆ ಹೆಚ್ಚಿನ ಬಟ್ಟೆ ಒಳಸರಿದು ಹೊಟ್ಟೆಯಾಗುತ್ತದೆ. ವೈರು ಹಾಕುವ ಪ್ಲಾಸ್ಟಿಕ್ ಪೈಪೊಂದನ್ನು ಅಕ್ಕ ಬಿಲ್ಲಿನಂತೆ ಬಾಗಿಸಿ ಹಿಡಿದಳು, ತಂಗಿ ಅದರ ಗುಂಟ ಸೀಮೆಸುಣ್ಣ ಎಳೆದಳು.

ಅಂಚುಗಳನ್ನು ಎರಡೂ ಬದಿಗೆ ಅಂಟು ಇರುವ ಟೇಪಿನಿಂದ ಮೊದಲು ಅಂಟಿಸಿ, ಆಮೇಲೆ ಹೊಲಿಗೆ ಹಾಕಿದರು. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ಅಷ್ಟು ದೊಡ್ಡ ಸುರುಳಿ ನುಗ್ಗದು. ಅಕ್ಕ ನೆಲಕ್ಕೆ ಕೂತು ಸುರುಳಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋದಳು. ಸೂಜಿ ಮುರಿಯಿತು, ಇನ್ನೊಂದು ಹಾಕಿದರು, ಅದೂ ಮುರಿಯಿತು. ಮೂರು ಮೂಲೆಗೆ ಗುಜರಿಗೆ ಹೋಗಬೇಕಿದ್ದ ಬಸ್ಸಿನ ಸೀಟು ಬೆಲ್ಟನ್ನು ಮಡಿಸಿ ಕೂರಿಸಿ, ಹಗ್ಗ ತೂರಲು ಹಿತ್ತಾಳೆ ರಿಂಗು ಬಡಿದರು. ಬಡಿಯುವ ಸದ್ದಿಗೆ ಕೆಳಗಿನ ಮನೆಯಾಕೆ ಮೇಲೆ ಬಂದಳು. ಏನು ನಡೀತಿದೆ ಇಲ್ಲಿ ಎಂದು ಕೇಳಿದವಳಿಗೆ ಅಕ್ಕ, ಇನ್ನೆರಡೇ ರಿಂಗು ಎಂದು ಸುತ್ತಿಗೆ ಎತ್ತಿಯೇ ಉತ್ತರ ಕೊಟ್ಟಳು.

ಭಾನುವಾರ ದೋಣಿ ತೊಳೆಸಿಕೊಂಡು ಫಳಫಳ ಹೊಳೆಯುತ್ತಿತ್ತು. ಆದರೆ ಅಣ್ಣ ಗಿರಾಕಿಯನ್ನು ಕರೆದುಕೊಂಡು ಕಟ್ಟೆಗೆ ಬಂದಾಗ ಅದು ದಡದಲ್ಲಿರಲಿಲ್ಲ. ಕೂಗಳತೆ ದೂರದಲ್ಲಿ, ನೀಲಿ ಹಾಯಿಯ ಹೊಟ್ಟೆ ತುಂಬ ಗಾಳಿ ತುಂಬಿಕೊಂಡು, ಎಡದಿಂದ ಬಲಕ್ಕೆ ಹೋಗುತ್ತಿತ್ತು. ಚುಕ್ಕಾಣಿಯ ಹತ್ತಿರ ಅಕ್ಕ, ಹಗ್ಗ ಹಿಡಿದು ತಂಗಿ. ಅಂಚು ಅಲ್ಲಲ್ಲಿ ಸುಕ್ಕುಗಟ್ಟಿ ಪಟಪಟ ಅನ್ನುತ್ತಿತ್ತು ನಿಜ. ದೋಣಿ ಮಾತ್ರ ಓಡುತ್ತಿತ್ತು.

ಅಣ್ಣ ಕೈ ಬೀಸಿದ. ಅವರೂ ಕೈ ಬೀಸಿದರು. ದಡಕ್ಕೆ ಬನ್ನಿ ಎಂದು ಕೂಗಿದ. ದೋಣಿ ತಿರುಗಿ ಬಲದಿಂದ ಎಡಕ್ಕೆ ಹೊರಟಿತು. ಹೀಗೆ ನಾಲ್ಕಾರು ಸಲ ಅವನ ಕಣ್ಣ ಮುಂದೆಯೇ ಹೋಗಿ ಬಂದ ಮೇಲೆ, ಮಾತು ಕೇಳಿಸುವಷ್ಟು ಹತ್ತಿರಕ್ಕೆ ಬಂದರು. ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು.

"ಅಣ್ಣ, ಮೂರರಲ್ಲಿ ಒಂದು ಪಾಲು ನಿಂದು. ಅದನ್ನ ಧಾರಾಳವಾಗಿ ಮಾರ್ಕೋ. ಅವರಿಗೆ ಮುಂಭಾಗ ಬೇಕೋ ಹಿಂಭಾಗ ಬೇಕೋ ಕೇಳಿ ಹೇಳು, ಗರಗಸ ತರ್ತೀವಿ."

ಗಿರಾಕಿ ಅಣ್ಣನ ಕಡೆ ತಿರುಗಿದ. "ಇದರಲ್ಲಿ ಇವರಿಗೂ ಪಾಲಿದೆ ಅಂತ ನೀವು ಹೇಳಲೇ ಇಲ್ವಲ್ಲ?"

ಅಣ್ಣ ಅದಕ್ಕೆ ಏನೇನೋ ಸಮಜಾಯಿಷಿ ಕೊಟ್ಟ. ಮನೆಯೊಳಗಿನ ಮಾತು, ಹೆಂಗಸರ ಹಟ, ಎರಡು ದಿನದಲ್ಲಿ ಸರಿಹೋಗುತ್ತದೆ ಅಂದ. ಗಿರಾಕಿ ನೀರಿನ ಕಡೆ ಮತ್ತೊಮ್ಮೆ ನೋಡಿ, ಸರಿಹೋಗುವ ಲಕ್ಷಣ ಕಾಣದೆ, ಕಾರು ಹತ್ತಿ ಹೊರಟುಹೋದ.

"ಅಪ್ಪ ಇದ್ದಿದ್ರೆ ನಿಮ್ಮನ್ನ ಹೀಗೆ ಬಿಡ್ತಿರಲಿಲ್ಲ," ಅಂದ ಅಣ್ಣ, ಒಬ್ಬನೇ ಕಟ್ಟೆಯ ಮೇಲೆ ನಿಂತು.

"ಅಪ್ಪ ಇದ್ದಿದ್ರೆ ಇಲ್ಲಿ ಕೂತಿರ್ತಿದ್ದ," ಎಂದು ಅಕ್ಕ ಪಕ್ಕದ ಹಲಗೆ ತಟ್ಟಿದಳು. "ಜಾಗ ಖಾಲಿ ಇದೆ. ಬರ್ತೀಯಾ?"

ಅವನು ಬರಲಿಲ್ಲ. ಅಂದಿನಿಂದ ಇಬ್ಬರ ಜೊತೆಯೂ ಮಾತು ಬಿಟ್ಟ. ಅಕ್ಕ ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ. ತಂಗಿಗೆ ಮಾತ್ರ ಒಳಗೊಳಗೇ ನೋಯುತ್ತಿತ್ತು. ಅವನ ಹುಟ್ಟಿದ ದಿನ ಫೋನು ಮಾಡಿದಳು; ಎತ್ತಲಿಲ್ಲ. ಹಾಗಂತ ಭಾನುವಾರ ನೀರಿಗಿಳಿಯುವುದನ್ನು ಅವಳು ಬಿಡಲಿಲ್ಲ.

ಬೇಸಗೆಯ ಬಿಸಿಲಿಗೆ ಟಾರ್ಪಾಲು ಬಿಳಿಚಿಕೊಂಡು ಎಳೆ ಬಿಡತೊಡಗಿತು. ಎಷ್ಟೆಂದರೂ ಅಗ್ಗದ ಮಾಲು. ಇನ್ನೊಂದು ತಂದರು. ಸೋಫಾ ಮತ್ತೆ ಕಾರಿಡಾರಿಗೆ ಹೋಯಿತು, ಮೇಷ್ಟರು ಪೇಪರು ಹಿಡಿದು ಬಂದರು. ಗೆರೆ ಎಳೆಯುತ್ತಿದ್ದಾಗ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಳು. ಬರುವ ಸಂಗತಿ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

"ಅಣ್ಣಂಗೆ ಗೊತ್ತಾದ್ರೆ?" ಅಂದಳು ತಂಗಿ.

"ಗೊತ್ತಾಗ್ಲಿ," ಎಂದು ಅತ್ತಿಗೆ ಚಪ್ಪಲಿ ಕಳಚಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟಾರ್ಪಾಲಿನ ಯಾವ ಮೂಲೆ ಹಿಡಿಯಬೇಕು ಎಂದು ಕೇಳಿದಳು. ಅಕ್ಕ ಬಚ್ಚಲಿನ ಕಡೆಯ ಮೂಲೆ ತೋರಿಸಿದಳು.