ರಾಳ ಹಚ್ಚದ ಕಮಾನು

ಅವರು ನಾಲ್ವರು. ಶ್ರೀರಂಗಪಟ್ಟಣದ ಅರ್ಪಿತ, ಪಾಂಡವಪುರದ ರಂಜಿತ ಇಬ್ಬರೂ ಗಂಜಾಂನ ರಂಗಸ್ವಾಮಿ ಮೇಷ್ಟ್ರ ಬಳಿ ಪಿಟೀಲು ಕಲಿತವರು. ಶೀಳನೆರೆಯ ನಿಂಗರಾಜುವಿನದು ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ. ಶ್ರೀರಂಗಪಟ್ಟಣದ ನೂರ್ ಫಾತಿಮಾಳದು ಚೆಲ್ಲೊ. ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಅವಳಪ್ಪ ಅಬ್ದುಲ್ ವಾಹಿದ್ ತನ್ನ ಲಗೇಜ್ ಆಟೋದಲ್ಲಿ ಹಳೇ ಹಾಸಿಗೆ ಹಾಸಿ, ಅದನ್ನು ಮಗುವಿನ ಹಾಗೆ ಮಲಗಿಸಿ ತರುತ್ತಿದ್ದ.

ತಂಡಕ್ಕೆ ಹತ್ತಿರದ ಹೊಳೆಯ ಹೆಸರನ್ನೇ, ಲೋಕಪಾವನಿ ಎಂದು, ಇಟ್ಟರು. ಊರವರು ನಾಕ್ ಪಿಟೀಲ್ ಪಾರ್ಟಿ ಎಂದರು. ಕಲ್ಯಾಣಿ, ಹಿಂದೋಳ ರಾಗಗಳನ್ನು ಪಾಶ್ಚಾತ್ಯರ ರೀತಿಯಲ್ಲಿ ನಾಲ್ಕು ದನಿಗಳಾಗಿ ಹೆಣೆದು ನುಡಿಸುತ್ತಿದ್ದರು. ಕಾಲೇಜಿನ ಸಭಾಂಗಣ, ಮೈಸೂರಿನ ಸಣ್ಣಪುಟ್ಟ ಸಭೆಗಳು. ಮೂವತ್ತೇ ಜನ ಬಂದರೂ ಕೊನೆಯವರೆಗೆ ಕೂತಿರುತ್ತಿದ್ದರು. ಆಮೇಲೆ ಕೊರೊನಾ ಬಂತು. ಎರಡು ವರ್ಷ ಯಾರೂ ಕರೆಯಲಿಲ್ಲ.

ಕೊನೆಗೆ ಕರೆದವನು ಲೋಕೇಶ್, ಮದುವೆಗಳಿಗೆ ಸ್ಟೇಜು, ಲೈಟು, ಸೌಂಡು ಮಾಡಿಸುವವನು.

"ಚೌಟ್ರೀಲಿ ನಾಕು ಮೈಕ್ ಇಟ್ರೆ ಬರೀ ಕುಯ್ ಅಂತದೆ ಮೇಡಂ," ಎಂದ ಅರ್ಪಿತಳಿಗೆ. "ಸ್ಟುಡಿಯೋದಲ್ಲಿ ಒಂದ್ಸಲ ರೆಕಾರ್ಡ್ ಮಾಡ್ಬುಡಾನ. ಡ್ರಮ್ಸ್ ಸೇರಿಸಾನ. ಸ್ಟೇಜ್ ಮ್ಯಾಲೆ ನೀವು ಆಕ್ಷನ್ ಮಾಡಿದ್ರೆ ಸಾಕು."

"ಕಮಾನು ತಂತಿಗೆ ತಾಕಿದ್ರೆ ಸದ್ದು ಬತ್ತದಲ್ಲ?" ಎಂದು ನಿಂಗರಾಜು ಕೇಳಿದ.

"ರಾಳ ಹಚ್ಬ್ಯಾಡಿ."

ಅವನು ಅದನ್ನು ಎಲ್ಲೋ ಕೇಳಿ ತಿಳಿದುಕೊಂಡಿದ್ದ. ನಿಜವೇ ಅದು. ಕಮಾನಿನ ಕೂದಲಿಗೆ ರಾಳ ತಿಕ್ಕದಿದ್ದರೆ ಅದು ತಂತಿಯನ್ನು ಹಿಡಿಯುವುದಿಲ್ಲ, ಸುಮ್ಮನೆ ಜಾರಿಹೋಗುತ್ತದೆ.

ಒಂದು ಸೀಸನ್ ಮಟ್ಟಿಗೆ ಎಂದು ಒಪ್ಪಿದರು. ಅದು ಮೂರು ವರ್ಷ ನಡೆಯಿತು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಹೊಳೆದಂಡೆಯ ರೆಸಾರ್ಟುಗಳು. ಒಂದೇ ಬಣ್ಣದ ಉಡುಪು, ಕಾಲ ಬಳಿ ಹೊಗೆ. ಜನ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತರು. ಮೊದಲು ರಂಜಿತ ಮನೆಯಲ್ಲಿ ಅಭ್ಯಾಸ ಬಿಟ್ಟಳು, ಆಮೇಲೆ ನಿಂಗರಾಜು. ಅರ್ಪಿತ ದಿನಾ ಬೆಳಿಗ್ಗೆ ಒಂದು ಗಂಟೆ ನುಡಿಸುತ್ತಿದ್ದಳು. ಅದು ವಾರಕ್ಕೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು. ಯಾವತ್ತು ನಿಂತಿತೆಂದು ಅವಳಿಗೇ ನೆನಪಿಲ್ಲ.

ನಾಗಮಂಗಲದ ಒಂದು ಆರತಕ್ಷತೆಯಲ್ಲಿ ಮದುವೆ ಗಂಡಿನ ಅಜ್ಜಿ ಚಿಕ್ಕಬೋರಮ್ಮ ಮೊಮ್ಮಗಳ ಕೈ ಹಿಡಿದು ಸ್ಟೇಜ್ ಹತ್ತಿ ಬಂದರು. ರೆಕಾರ್ಡ್ ಮಾಡಿದ ಟ್ರ್ಯಾಕ್ ಜೋರಾಗಿ ಓಡುತ್ತಿತ್ತು. ಅಜ್ಜಿ ನೇರ ನೂರ್ ಫಾತಿಮಾಳ ಪಕ್ಕಕ್ಕೆ ಬಂದು ಬಗ್ಗಿದರು.

"ನನ್ ಕಿವಿ ಓಗಿ ನಾಕು ವರ್ಸ ಆಯ್ತು ಕಣವ್ವ. ಮುಟ್ಟಿಯಾದ್ರೂ ಕೇಳಾನ ಅಂತ ಬಂದೆ."

ಚೆಲ್ಲೊದ ಮೈಮೇಲೆ ಅಂಗೈ ಇಟ್ಟರು. ನೂರ್ ಕಮಾನು ಎಳೆಯುತ್ತಲೇ ಇದ್ದಳು, ನಿಲ್ಲಿಸುವ ಹಾಗಿರಲಿಲ್ಲ. ಅಜ್ಜಿ ಕೈಯನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಕಣ್ಣು ಮುಚ್ಚಿಕೊಂಡು ನೋಡಿದರು. ಆಮೇಲೆ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು.

"ಏನೂ ತಿಳೀತಿಲ್ಲ ಕಣವ್ವ. ಕೈಯೂ ಓಯ್ತು ಅಂತ ಕಾಣ್ತದೆ," ಎಂದು ನೂರ್‌ಳ ತಲೆ ಸವರಿ ಇಳಿದುಹೋದರು.

ವಾಪಸು ಬರುವಾಗ ನೂರ್, "ಇನ್ಮೇಲೆ ನುಡ್ಸೋದಾದ್ರೆ ನುಡ್ಸಾಣ. ಇಲ್ಲ ನನ್ನ ಬುಟ್ಬುಡಿ," ಎಂದಳು.

ಲೋಕೇಶ್ ಬೇಡವೆನ್ನಲಿಲ್ಲ. ಕೆ.ಆರ್. ಪೇಟೆಯ ಮದುವೆಯಲ್ಲಿ ಜನ ಊಟಕ್ಕೆ ಕೂತಾಗ ಹತ್ತು ನಿಮಿಷ ಕೊಡುತ್ತೇನೆಂದ. ಮೂರು ವಾರ ಅವರು ರಂಗಸ್ವಾಮಿ ಮೇಷ್ಟ್ರ ಮನೆಯಲ್ಲಿ ಕೂತರು. ಬೆರಳು ನೆನಪಿಟ್ಟಿದ್ದಷ್ಟು ಕಿವಿ ನೆನಪಿಟ್ಟಿರಲಿಲ್ಲ. ಶ್ರುತಿ ಸೇರಿದರೆ ಲಯ ತಪ್ಪುತ್ತಿತ್ತು. ರಂಜಿತಳ ಎಡಗೈ ಕಿರುಬೆರಳು ಮೇಲೇಳುತ್ತಲೇ ಇರಲಿಲ್ಲ. ಮೇಷ್ಟ್ರು ಮೊದಲು ತಿದ್ದುತ್ತಿದ್ದರು, ಆಮೇಲೆ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತರು. ಕೊನೆಯ ದಿನ ಅರ್ಪಿತ, "ಹೇಗಿದೆ ಸಾರ್?" ಎಂದು ಕೇಳಿದಳು.

"ನಾಲ್ಕು ಜನ ನಾಲ್ಕು ಮನೇಲಿ ಕೂತು ನುಡಿಸಿದ ಹಾಗಿದೆ ಮಗು."

ಕೆ.ಆರ್. ಪೇಟೆಯಲ್ಲಿ ರಾಳ ಹಚ್ಚಿಕೊಂಡೇ ಸ್ಟೇಜ್ ಹತ್ತಿದರು. ಕಲ್ಯಾಣಿ ಶುರುವಾಗಿ ಎರಡು ನಿಮಿಷ ಆಗಿರಬೇಕು. ಮೈಕು ಕೂಗಿತು, ಊಟದ ಮನೆಯಿಂದ ಯಾರೋ ಬಂದು ಲೋಕೇಶನ ಕಿವಿಯಲ್ಲಿ ಏನೋ ಹೇಳಿದರು. ಅವನು ಮೈಕು ಆರಿಸಿ ಟ್ರ್ಯಾಕ್ ಹಾಕಿದ. ಡ್ರಮ್ಸ್ ಬಡಿಯಿತು. ನೂರ್ ಕಮಾನು ಇಳಿಸಿದಳು. ಪಕ್ಕಕ್ಕೆ ತಿರುಗಿದರೆ ಮಿಕ್ಕ ಮೂವರ ಕೈಗಳು ಅಭ್ಯಾಸಬಲದಿಂದ ಟ್ರ್ಯಾಕಿಗೆ ಸರಿಯಾಗಿ ಓಡಾಡುತ್ತಿದ್ದವು. ಅರ್ಪಿತಳ ಮುಖದಲ್ಲಿ ಫೋಟೊಕ್ಕೆ ಬೇಕಾದ ನಗುವೂ ಇತ್ತು.

ನೂರ್ ಮತ್ತೆ ಬರಲಿಲ್ಲ. ಮುಂದಿನ ವಾರ ಲೋಕೇಶ್ ಬಾಡಿಗೆ ಚೆಲ್ಲೊ ತಂದು ಆ ಕುರ್ಚಿಯಲ್ಲಿ ಬೇರೆ ಹುಡುಗಿಯನ್ನು ಕೂರಿಸಿದ. ಅವಳು ಚೆಲ್ಲೊ ಮುಟ್ಟಿದ್ದು ಅದೇ ಮೊದಲು. ಯಾರಿಗೂ ಗೊತ್ತಾಗಲಿಲ್ಲ. ದನಿ ನೂರ್‌ಳದೇ ಇತ್ತು.

ಆರು ತಿಂಗಳ ಮೇಲೆ ಒಂದು ಭಾನುವಾರ ಅರ್ಪಿತ ನೂರ್ ಫಾತಿಮಾಳ ಮನೆಗೆ ಹೋದಳು. ನೂರ್ ಕೋಣೆಯ ಬಾಗಿಲಲ್ಲಿ ಕೂತು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಊರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದ್ದಳಂತೆ.

"ನಾವಿಬ್ರೇ ಶುರು ಮಾಡಾಣ ಕಣೇ," ಎಂದಳು ಅರ್ಪಿತ. "ಮೊದಲ್ನಿಂದ. ಯಾರೂ ಕರೀದಿದ್ರೂ ಪರ್ವಾಗಿಲ್ಲ."

ನೂರ್ ಪೆನ್ನು ಕೆಳಗಿಟ್ಟಳು. "ನೀನು ಈಗ ಮನೇಲಿ ನುಡಿಸ್ತಿದ್ದೀಯಾ?"

ಅರ್ಪಿತ ಇಲ್ಲವೆಂದು ತಲೆಯಾಡಿಸಿದಳು.

"ನಾನೂ ಇಲ್ಲ," ಎಂದಳು ನೂರ್. "ಹೋದ ತಿಂಗಳು ಒಂದಿನ ತೆಗೆದು ಕೂತೆ. ಅರ್ಧ ಗಂಟೆ ನುಡಿಸ್ದೆ. ಯಾರೋ ಕಲೀತಾವ್ರೆ ಅನ್ನೋ ಥರ ಕೇಳಿಸ್ತು. ಬುಡು."

ಚಹಾ ಕುಡಿದರು. ಉತ್ತರಪತ್ರಿಕೆಗಳ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಸಂಜೆ ಪಾಂಡವಪುರದಲ್ಲಿ ಆರತಕ್ಷತೆಯಿತ್ತು. ಅಬ್ದುಲ್ ವಾಹಿದ್ ಆಟೋದಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟ. ದಾರಿಯಲ್ಲಿ, "ಬೇಟಿ, ಅವಳಿಗೆ ಬೈಬೇಡ," ಎಂದ.

"ಇಲ್ಲ ಚಾಚಾ."

"ನನಗೆ ಸಂಗೀತ ತಿಳಿಯಕಿಲ್ಲ. ಆದ್ರೂ ಕೇಳ್ತೀನಿ. ಮತ್ತೆ ಬರ್ತದಾ ಅದು?"

ಅರ್ಪಿತ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ಗೊತ್ತಿಲ್ಲ ಚಾಚಾ," ಎಂದಳು. ಅವಳಿಗೆ ಗೊತ್ತಿತ್ತು. ಪಾಂಡವಪುರದ ಬಸ್ಸು ಹೊರಡುವುದರಲ್ಲಿತ್ತು, ಓಡಿಹೋಗಿ ಹತ್ತಿದಳು.