ಅರ್ಧ ಕ್ರಾಪಿನ ಡಾಕ್ಟರು

ಆ ಬೀದಿಯ ಚರಿತ್ರೆಯನ್ನು ಬರೆಯುವ ಉಸಾಬರಿಯನ್ನು ಮುಂದೆ ಯಾರಾದರೂ ಹಚ್ಚಿಕೊಂಡರೆ, ಡಾಕ್ಟರ ತಲೆಯ ಎಡಭಾಗ ಕತ್ತರಿಸಿ ಬಲಭಾಗ ಹಾಗೇ ಉಳಿದಿದ್ದ ಹನ್ನೆರಡು ನಿಮಿಷಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಯುದ್ಧ, ಪ್ರವಾಹಗಳು ಎಲ್ಲ ಊರಿಗೂ ಬರುತ್ತವೆ. ಅರ್ಧ ಕ್ರಾಪಿನ ಡಾಕ್ಟರು ಎಲ್ಲರಿಗೂ ಸಿಗುವುದಿಲ್ಲ.

ಕ್ಷೌರಿಕನಿಗೆ ಗೌಟ್ ಎಂಬ ಕೀಲುನೋವಿತ್ತು. ಎರಡು ವರ್ಷದ ಹಿಂದೆ ಕಾಲಿನ ಹೆಬ್ಬೆರಳು ಟೊಮೆಟೊ ಹಾಗೆ ಕೆಂಪೇರಿ ಊದಿದಾಗ, ಇದೇ ಡಾಕ್ಟರು ಗಂಟಿಗೆ ಸೂಜಿ ಹಾಕಿ ನೀರು ತೆಗೆದು, ಅದರಲ್ಲಿ ಹರಳು ಕಂಡು ಮಾತ್ರೆ ಬರೆದುಕೊಟ್ಟಿದ್ದರು. ಅಂದಿನಿಂದ ಅವನ ಮರ್ಯಾದೆ ಒಂದು ತೂಕ ಹೆಚ್ಚಾಯಿತು. ಗೌಟ್ ಅರಸರ ಕಾಯಿಲೆಯೆಂದು ಬೀದಿಗೆಲ್ಲ ಸಾರಿದವರು ಮೇಷ್ಟ್ರು. ರೇಖಾಗಣಿತ ಕಲಿಸಿ ನಿವೃತ್ತರಾದ ಅವರಿಗೆ ಹದಿನೇಳು ವರ್ಷಗಳಿಂದ ಗೌಟ್ ಇದ್ದು, ಅದರ ಹಕ್ಕುಸ್ವಾಮ್ಯ ಅವರದೇ ಆಗಿತ್ತು. ಕ್ಷೌರಿಕನನ್ನು ದೊಡ್ಡ ಮನಸ್ಸು ಮಾಡಿ ಪಾಲುದಾರನಾಗಿ ಸೇರಿಸಿಕೊಂಡಿದ್ದರು. ತಲೆಯಲ್ಲಿ ಕೂದಲಿಲ್ಲದಿದ್ದರೂ ದಿನಾ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು, ಏನೇನು ತಿನ್ನಬಾರದೆಂದು ಪಾಠ ಒಪ್ಪಿಸುತ್ತಿದ್ದರು.

ಮೇಷ್ಟ್ರಿಗೂ ಡಾಕ್ಟರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಕ್ಷೌರಿಕನ ಎರಡೂ ಮೊಣಕೈಗಳ ಮೇಲೆ ಕೆಂಪು ಕಲೆ, ಅದರ ಮೇಲೆ ಬೆಳ್ಳನೆಯ ಹೊಟ್ಟು. ತಲೆ ಮುಟ್ಟಿ ಬದುಕುವವನ ಮೈಮೇಲೆ ಅದು ಕಂಡರೆ ಗಿರಾಕಿಗಳೆಲ್ಲ ಬೀದಿ ತುದಿಯ ಗಾಜಿನ ಬಾಗಿಲಿನ ಸಲೂನಿಗೆ ಕಾಲು ಕೀಳುತ್ತಾರೆ. ಹಾಗಾಗಿ ಒಂಬತ್ತು ವರ್ಷದಿಂದ, ಸುಡುಬೇಸಿಗೆಯಲ್ಲೂ, ಅವನದು ತುಂಬುತೋಳಿನ ಅಂಗಿ. ಗುಟ್ಟು ಬಲ್ಲವಳು ಹಿಂದಿನ ಕೋಣೆಯಲ್ಲಿ ಟವೆಲ್ ಒಗೆಯುವ ಹೆಂಡತಿ ಒಬ್ಬಳೇ.

"ಡಾಕ್ಟ್ರು ತಿಂಗಳಿಗೊಂದ್ಸಲ ನಿನ್ನ ಕುರ್ಚಿಗೇ ಬಂದು ಕೂರ್ತಾರೆ. ತೋಳು ಮಡಚಿ ತೋರ್ಸೋಕೆ ನಿಂಗೇನು ಧಾಡಿ?"

"ಗಿರಾಕಿ ಮುಂದೇನಾ? ನಾಳೆಯಿಂದ ನಿನ್ನ ತಲೆ ಒಂದನ್ನೇ ಕತ್ತರಿಸ್ಕೊಂಡು ಕೂರ್ಬೇಕಾಗುತ್ತೆ."

"ನನ್ನ ತಲೆ ನಿನ್ನ ಕೈಗೆ ಕೊಡೋಷ್ಟು ತಲೆ ಕೆಟ್ಟಿಲ್ಲ ನಂಗೆ. ಮೊದ್ಲು ಆ ಬೆರಳು ನೋಡ್ಕೋ."

ಬೆರಳಿನದೇ ಕಷ್ಟ. ಈಚೆಗೆ ಬಲಗೈಯ ಉಂಗುರದ ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡು, ಕತ್ತರಿಯ ಹಿಡಿಯೊಳಗೆ ತೂರುವುದಿಲ್ಲವೆಂದು ಹಟ ಹಿಡಿದಿತ್ತು. ಅದೂ ಗೌಟೇ ಎಂದು ತೀರ್ಮಾನಿಸಿದ ಮೇಷ್ಟ್ರು ಮೀನು ಬಿಡಿಸಿದ್ದರು. ಮಾಂಸ ಮೊದಲೇ ಬಿಟ್ಟಾಗಿತ್ತು. ಬೆರಳು ಮಾತ್ರ ಕ್ಯಾರೇ ಅನ್ನಲಿಲ್ಲ. ಅದು ಬಗ್ಗದಿದ್ದರೆ ಕತ್ತರಿ ಕೈಬಿಟ್ಟಂತೆ, ತೋಳು ಮಡಚಿದರೆ ಗಿರಾಕಿ ಕೈಬಿಟ್ಟಂತೆ. ಕ್ಷೌರಿಕ ಈ ಎರಡರ ನಡುವೆ, ಬೆರಳಿಗೆ ಎಣ್ಣೆ ಸವರಿಕೊಂಡು ದಿನ ನೂಕುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಮೇಷ್ಟ್ರಲ್ಲದೆ ಇನ್ನೂ ನಾಲ್ವರು ಬೆಂಚಿನ ಮೇಲಿದ್ದರು. ಡಾಕ್ಟರು ಕುರ್ಚಿಯಲ್ಲಿ ಕತ್ತಿನ ತನಕ ಬಿಳಿ ಬಟ್ಟೆ ಹೊದ್ದು ಕೂತಿದ್ದರು. ಎಡಭಾಗ ಮುಗಿಯಿತು. ಬಲಕ್ಕೆ ಬಂದ ಕ್ಷೌರಿಕ ಬಾಚಣಿಗೆ ಹಿಡಿದ ಕೈಯನ್ನು ಅವರ ಕಿವಿಯ ಪಕ್ಕಕ್ಕೆ ತಂದ. ಕನ್ನಡಿಯಲ್ಲಿ ತಮ್ಮ ಕಿವಿ ನೋಡಿಕೊಳ್ಳುತ್ತಿದ್ದ ಡಾಕ್ಟರ ಕಣ್ಣು ಅವನ ಉಗುರಿನ ಮೇಲೆ ಬಿತ್ತು.

"ಏನಯ್ಯಾ ಇದು? ಗುಂಡುಸೂಜೀಲಿ ಚುಚ್ಚಿ ಚುಚ್ಚಿ ಇಟ್ಟ ಹಾಗಿದೆ ಉಗುರು."

"ವಯಸ್ಸಾಯ್ತಲ್ಲ ಡಾಕ್ಟ್ರೇ."

"ನಂಗೂ ಆಗಿದೆ, ನನ್ನ ಉಗುರು ನೆಟ್ಟಗಿದೆ. ಎಲ್ಲಿ, ಆ ಕತ್ತರಿ ಕೈನೂ ತೋರ್ಸು. ಈ ಬೆರಳು ಯಾವಾಗಿಂದ ಹೀಗೆ?"

"ಅದೂ ಗೌಟೇ," ಬೆಂಚಿನಿಂದ ಮೇಷ್ಟ್ರ ತೀರ್ಪು ಬಂತು. "ನಾನು ನೋಡಿದೀನಿ."

"ನೀವು ನೋಡಿದ್ದು ಸರಿ ಮೇಷ್ಟ್ರೇ, ನಾನೂ ಒಂಚೂರು ನೋಡ್ತೀನಿ. ತೋಳು ಮಡಚಯ್ಯಾ."

ಕತ್ತರಿ ನಿಂತಿತು. ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದವನು ಪುಟವನ್ನು ಅರ್ಧ ತಿರುವಿ ಹಾಗೇ ಹಿಡಿದುಕೊಂಡ.

"ಸಂಜೆ ಆಸ್ಪತ್ರೆಗೇ ಬರ್ತೀನಿ, ಅಲ್ಲೇ ತೋರಿಸ್ತೀನಿ," ಎಂದ ಕ್ಷೌರಿಕ.

"ಆ ಸಂಜೆ ಒಂಬತ್ತು ವರ್ಷದಿಂದ ಬಂದಿಲ್ಲ ಡಾಕ್ಟ್ರೇ!" ಹಿಂದಿನ ಕೋಣೆಯಿಂದ ಕೂಗು ಬಂತು. "ಮೊಣಕೈ ನೋಡಿ, ಮೊಣಕೈ!"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವನು ಗುಂಡಿ ಬಿಚ್ಚಿ ತೋಳು ಮಡಚಿದ. ಡಾಕ್ಟರು ಬಟ್ಟೆಯಡಿಯಿಂದ ಕೈ ಹೊರತೆಗೆದು ಮೊಣಕೈ ಸವರಿದರು.

"ಸೋರಿಯಾಸಿಸ್. ಬೆರಳು ಊದಿರೋದು ಅದ್ರಿಂದ್ಲೇ ಬಂದ ಕೀಲುಬಾವು, ಸೋರಿಯಾಟಿಕ್ ಆರ್ಥ್ರೈಟಿಸ್ ಅಂತಾರೆ. ನೀನು ತೋಳು ಮುಚ್ಕೊಂಡಿದ್ದೆ, ನಾನು ಬರೀ ಕಾಲು ನೋಡ್ದೆ."

"ಹಾಗಾದ್ರೆ ಗೌಟ್ ಅಲ್ವಾ?" ಪಾಲುದಾರ ಮೋಸ ಮಾಡಿದನೆಂಬಂತೆ ಮೇಷ್ಟ್ರು ಎದ್ದು ನಿಂತರು.

"ಕಾಲಿಂದು ಗೌಟೇ. ಎರಡೂ ಇದೆ."

"ಒಬ್ಬನಿಗೇ ಎರಡಾ!" ಮೇಷ್ಟ್ರ ದನಿಯಲ್ಲಿ ಮರುಕಕ್ಕಿಂತ ಮತ್ಸರವೇ ಹೆಚ್ಚಾಗಿತ್ತು.

"ಎರಡಕ್ಕೂ ನೆಂಟಸ್ತನ ಇದೆ. ಸೋರಿಯಾಸಿಸ್ ಬಂದ ಕಡೆ ಚರ್ಮ ತಿಂಗಳ ಕೆಲಸಾನ ವಾರದಲ್ಲಿ ಮುಗಿಸುತ್ತೆ. ಅದರ ಕಸದಿಂದ ಕೆಲವರಿಗೆ ಯೂರಿಕ್ ಆಸಿಡ್ ಏರುತ್ತೆ, ಅದು ಹರಳಾಗಿ ಕೀಲಲ್ಲಿ ಕೂತ್ರೆ ಗೌಟ್."

"ಅಂದ್ರೆ ಕಟಿಂಗ್ ಜಾಸ್ತಿಯಾಗಿ, ಬಿದ್ದ ಕೂದಲೆಲ್ಲ ಮೋರೀಲಿ ಕಟ್ಕೊಂಡ ಹಾಗೆ," ಎಂದ ಕ್ಷೌರಿಕ.

"ನಾನು ಐದು ವರ್ಷ ಕೂತು ಓದಿದ್ದು ಇಷ್ಟನ್ನೇ. ನಾಳೆ ಬಾ, ರಕ್ತ, ಎಕ್ಸ್‌ರೇ ನೋಡಿ ಮಾತ್ರೆ ಕೊಡ್ತೀನಿ. ಬೆರಳು ಬಗ್ಗುತ್ತೆ."

"ಅಂಟುತ್ತಾ?" ಎಂದ ಪತ್ರಿಕೆಯವನು.

"ಅಂಟಲ್ಲ."

ಬೆಂಚು ಈ ಮಾತನ್ನು ಕೇಳಿಸಿಕೊಂಡಿತು, ಒಪ್ಪಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಡಾಕ್ಟರ ಬಲಭಾಗದ ಕೂದಲ ಮೇಲಿತ್ತು. ಕ್ಷೌರಿಕ ಬಿಳಿ ಬಟ್ಟೆಯ ಗಂಟಿಗೆ ಕೈ ಹಾಕಿದ.

"ಉಳಿದರ್ಧ ಬೇಕಾದ್ರೆ ಆ ಗಾಜಿನಂಗಡೀಲಿ ಮಾಡಿಸ್ಕೊಳ್ಳಿ. ನಾನೇನೂ ಅಂದ್ಕೊಳಲ್ಲ."

"ಅರ್ಧ ತಲೆ ಹೊತ್ಕೊಂಡು ಬೀದೀಲಿ ಮೆರವಣಿಗೆ ಹೋಗ್ಲಾ? ಸುಮ್ನೆ ಕತ್ತರ್ಸು. ತೋಳು ಇಳಿಸ್ಬೇಡ, ಸೆಕೆ."

ಅವನು ಕತ್ತರಿಸಿದ. ಬಲಭಾಗ ಎಡಕ್ಕಿಂತ ಒಂದು ನೂಲು ಗಿಡ್ಡವಾಯಿತು. ಡಾಕ್ಟರು ನೋಡಿಯೂ ನೋಡದವರಂತೆ ಎದ್ದರು. ಬೆಂಚಿನ ಇಬ್ಬರಿಗೆ ಅದೇ ಕ್ಷಣಕ್ಕೆ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು. ಖಾಲಿ ಕುರ್ಚಿಯಲ್ಲಿ ಮೇಷ್ಟ್ರು ಹೋಗಿ ಕೂತರು.

"ಹಿಂದುಗಡೆ ನಾಲ್ಕಿರ್ಬೇಕು, ನೋಡು. ಹುಷಾರಾಗಿ ಕತ್ತರ್ಸು."

ಪತ್ರಿಕೆಯವನು ಪುಟ ಪೂರ್ತಿ ತಿರುವಿ, ತನ್ನ ಸರದಿಗೆ ಕಾಯುತ್ತ ಕೂತ.

ಆ ಭಾನುವಾರ ಮೇಷ್ಟ್ರದ್ದೂ ಸೇರಿ ಹದಿಮೂರು ತಲೆಗಳಾದವು, ಮಾಮೂಲಿಗಿಂತ ಎರಡು ಕಡಿಮೆ.